ಚಳವಳಿಯ ಬೆಲ್ಲ ತಿಂದು ನನ್ನ ಬಾಯಿ ಕಟ್ಟಿಸಿದ ದವಡೆವಾಸಿಗಳಿಗೆ

ಕೌದಳ್ಳಿಯ ಪುಟ್ಟಮಾದಯ್ಯನ ಬಲಗಡೆ ಕೆಳದವಡೆಯ ಹಲ್ಲೊಂದರ ಕುಳಿಯಲ್ಲಿ ಸಂಸಾರ ಸಮೇತ ಬಿಡಾರ ಹೂಡಿರುವ ಸನ್ಮಾನ್ಯ ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್ ಎಂಬ ಬ್ಯಾಕ್ಟೀರಿಯಾ ಮಹಾಶಯರಿಗೆ, ಸದರಿ ಹಲ್ಲಿನ ಮಾಲೀಕನಾದ ನಾನು ಊದಿದ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂಬುದು ನನಗೆ ನಿಮಿಷಕ್ಕೊಮ್ಮೆ ಜುಮ್ಮೆಂದು ತಿಳಿಯುತ್ತಿದೆ. ಗೋಪಿನಾಥಂನಿಂದ ಬೆಳಗ್ಗೆ ಆರಕ್ಕೊಂದು ಬಸ್ಸು ಬೇಕೆಂದು ಮೂರು ವರ್ಷದಿಂದ ಬಡಿದಾಡುತ್ತಿರುವ ಸಮಿತಿಯಲ್ಲಿ ಘೋಷಣೆ ಕೂಗುವವನು ನಾನು. ಕಾಗದ ಕೊಟ್ಟರೆ ಕಚೇರಿಯ ಮೇಜು ನುಂಗುತ್ತದೆಂದು ನಾವು ಕಾಗದವನ್ನೇ ಬಿಟ್ಟವರು. ಬಸ್ಸಿನ ಸಾಹೇಬರು ಕೊಟ್ಟ ಮಾತುಗಳನ್ನೆಲ್ಲ ತಾರೀಖಿನ ಸಮೇತ ನಾನು ಕೂಗುವುದು, ಒಂದೊಂದು ತಾರೀಖಿಗೂ ಜನ "ಬಸ್ಸೆಲ್ಲಿ?" ಎಂದು ಗುಡುಗುವುದು, ಇದೇ ನಮ್ಮ ಧರಣಿಯ ಪದ್ಧತಿ. ಅಂದರೆ ಸಮಿತಿಯ ಇಡೀ ದಾಖಲೆ ಇದ್ದದ್ದು ನನ್ನ ಬಾಯಲ್ಲಿ, ತಮ್ಮ ಪಕ್ಕದಲ್ಲಿ. ಗಂಟಲು ಒಣಗಬಾರದೆಂದು ಧರಣಿ ಮುಗಿಯುವವರೆಗೂ ನಾನು ಕೆನ್ನೆಯೊಳಗೆ ಬೆಲ್ಲದುಂಡೆ ಇಟ್ಟುಕೊಳ್ಳುತ್ತಿದ್ದೆ. ತಾವು ಆ ಬೆಲ್ಲವನ್ನೇ ಉಂಡು, ಆಮ್ಲ ಕಾರಿ, ನನ್ನ ಹಲ್ಲನ್ನೇ ಕೊರೆದಿರಿ. ಇಂಥ ಕೃತಜ್ಞತೆಯನ್ನು ನಾನು ಗೆದ್ದು ಹೋದ ನಾಯಕರಲ್ಲಿ ಮಾತ್ರ ಕಂಡಿದ್ದೆ.

ಕಳೆದ ತಿಂಗಳು ಹನೂರಿನ ಧರಣಿಗೆ ಸಾಹೇಬರೇ ಬಂದರು. ಗೋಪಿನಾಥಂನ ಜಡೆಮ್ಮ ಕೈ ಮುಗಿದು, "ನಮ್ ರಾಣಿ ಕಾಲೇಜ್ಗೆ ದಿನಾ ತಡ್ವಾಗೇ ಓಯ್ತಾಳೆ ಸಾ. ಆಜರಿ ಇಲ್ದಿದ್ರೆ ಪರೀಕ್ಸೆಗೆ ಕೂರ್ಸಾಕಿಲ್ವಂತೆ" ಎಂದಳು. ಬಸ್ಸು ಬಿಡುತ್ತೇವೆಂದು ಯಾರಾದರೂ ಹೇಳಿದ್ದುಂಟೇ, ಯಾವತ್ತು ಹೇಳಿದ್ದು ಎಂದು ಸಾಹೇಬರು ಮುಗುಳ್ನಕ್ಕು ಕೇಳಿದರು. ಇನ್ನೂರು ಕಣ್ಣು ನನ್ನ ಬಾಯಿಯ ಮೇಲೆ. ಬಾಯಿ ತೆರೆದೆ, ತಮ್ಮ ದಯೆಯಿಂದ ದವಡೆ ಊದಿ "ಬಾ... ಬೂ..." ಎಂಬೆರಡು ಸದ್ದು ಬಿಟ್ಟು ಇನ್ನೇನೂ ಹೊರಡಲಿಲ್ಲ. ಬಂಡಳ್ಳಿಯ ಚಿಕ್ಕನಿಂಗಮ್ಮ ಎಲ್ಲರಿಗೂ ಕೇಳುವಂತೆ, "ಏನ್ಲಾ ಪುಟ್ಮಾದ, ಎಮ್ಮೆಕರ ಅರಚ್ದಂಗೆ ಅರಚ್ತೀಯಲ್ಲಾ! ಉಗಿಲಾ ಆ ಬೆಲ್ಲವ!" ಎಂದಳು. ಸಾಹೇಬರು ಮನಸಾರೆ ನಕ್ಕು, "ಮುಂದಿನ ತಿಂಗಳು ನೋಡೋಣ" ಎಂದು ಜೀಪು ಹತ್ತಿದರು.

ಕೊಳ್ಳೇಗಾಲದ ಹಲ್ಲಿನ ಡಾಕ್ಟರು ಮೀನಾ ಅವರು ನನ್ನ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡುತ್ತಾ ತಮ್ಮ ಘನತೆಯನ್ನು ವಿವರಿಸಿದರು. ತಮ್ಮ ಮೇಲೂ ವೈರಸ್ಸುಗಳು ದಾಳಿ ಮಾಡುತ್ತವಂತೆ. ದಾಳಿಯಿಂದ ಬದುಕುಳಿದ ತಮ್ಮವರು ಆ ವೈರಸ್ಸಿನದೇ ಒಂದು ಚೂರು ಕತ್ತರಿಸಿ ತಮ್ಮ ಡಿಎನ್‌ಎಯಲ್ಲಿ ಸಾಲಾಗಿ ಜೋಡಿಸಿಕೊಳ್ಳುವರಂತೆ, ಹೊಸ ಶತ್ರು ಮುಂದೆ, ಹಳೆಯ ಶತ್ರು ಹಿಂದೆ. ಆ ಪಟ್ಟಿಗೆ ಕ್ರಿಸ್ಪರ್ ಎಂದು ಹೆಸರಂತೆ. ತಾವು ಒಂದು ಎರಡಾದಾಗ ಪಟ್ಟಿಯೂ ಎರಡಾಗಿ ಮಕ್ಕಳ ಕೈ ಸೇರುತ್ತದಂತೆ, ಅದೇ ವೈರಸ್ ಮತ್ತೆ ಬಂದರೆ ಪಟ್ಟಿ ನೋಡಿ ಕಚಕ್ಕೆಂದು ಕತ್ತರಿಸುವಿರಂತೆ. ಅದು ಒಂದಕ್ಷರ ಬದಲಿಸಿ ವೇಷ ಮರೆಸಿಕೊಂಡು ನುಗ್ಗಿದರೆ ಹೊಸ ಚೂರು ಸೇರಿಸಿಕೊಳ್ಳುವಿರಂತೆ. ಮಾನ್ಯರೇ, ಬಾಯಿ ತೆರೆದೇ ಇದ್ದುದರಿಂದ ಚಪ್ಪಾಳೆ ಮಾತ್ರ ತಟ್ಟಿದೆ. ಮೆದುಳೇ ಇಲ್ಲದ ತಾವು ತಮ್ಮ ಕುಲದ ದಾಖಲೆಯನ್ನು ಒಬ್ಬನ ಬಾಯಿಗೆ ಬಿಡಲಿಲ್ಲ. ಮೆದುಳಿರುವ ನಾವು ಬಿಟ್ಟೆವು!

ಈ ಸಂಗತಿಯನ್ನೂ ನನ್ನ ಬಾಯಲ್ಲಿದ್ದ ತಾರೀಖುಗಳನ್ನೂ ನಾನು ಸಮಿತಿಗೆ ಚೀಟಿಯಲ್ಲಿ ಬರೆದು ತೋರಿಸಿದ ಮಾರನೆಯ ದಿನವೇ ರಾಣಿ ಕೌದಳ್ಳಿ ಬಸ್ ನಿಲ್ದಾಣದ ಗೋಡೆಗೆ ಇದ್ದಿಲು ಹಿಡಿದಳು. ಸಾಹೇಬರ ಮಾತು, ತಾರೀಖು, ಹೊಸದು ಮೇಲೆ, ಹಳೆಯದು ಕೆಳಗೆ. ಬಸ್ಸು ಕಾಯುವವರಿಗೆ ಬೇರೆ ಕೆಲಸವೇನು? ಓದಿ ಓದಿ ಎಲ್ಲರಿಗೂ ಬಾಯಿಪಾಠವಾಯಿತು.

ಆದಕಾರಣ ತಾವು ದಯಮಾಡಿ ನಮ್ಮ ಸಮಿತಿಗೆ ಎರಡು ದಿನದ ತರಬೇತಿ ಶಿಬಿರ ನಡೆಸಿಕೊಡಬೇಕು, ತಮ್ಮ ಕತ್ತರಿಯನ್ನು ಒಂದು ಧರಣಿಯ ಮಟ್ಟಿಗೆ ಎರವಲು ಕೊಡಬೇಕು, ಆಮೇಲೆ ಕುಟುಂಬ ಸಮೇತ ಸಾಹೇಬರ ದವಡೆಗೆ ವರ್ಗಾವಣೆ ಪಡೆಯಬೇಕು. ಅಲ್ಲಿ ಬೆಲ್ಲವೇನು, ಬಾದಾಮಿ ಹಲ್ವವೇ ಸಿಗುತ್ತದೆ.

ಹಲ್ಲು ಕೀಳಿಸುವ ಸೋಮವಾರದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಪುಟ್ಟಮಾದಯ್ಯ, ಕೌದಳ್ಳಿ

ತಾಜಾ ಕಲಂ: ಹಲ್ಲು ಕಿತ್ತರು. ತಾವೀಗ ಬೆಂಕಿಪೊಟ್ಟಣದಲ್ಲಿದ್ದೀರಿ. ಅದೇ ಸೋಮವಾರ ಸಾಹೇಬರು ಕೌದಳ್ಳಿಯಲ್ಲಿ ಟೀ ಕುಡಿಯಲು ಇಳಿದರು. ನನ್ನ ಬಾಯಲ್ಲಿ ಹತ್ತಿ, ತಾರೀಖುಗಳನ್ನು ರಾಣಿ ಕೂಗಿದಳು, ನಿಲ್ದಾಣವೇ "ಬಸ್ಸೆಲ್ಲಿ?" ಎಂದಿತು. "ನಾನು ಹೇಳಿದ್ದು ಬಸ್ಸಲ್ಲ, ಸಾರಿಗೆ ಸೌಲಭ್ಯ" ಎಂದು ಸಾಹೇಬರು ವೇಷ ಬದಲಿಸಿದರು. ಅವರೆದುರೇ ಅದೂ ಗೋಡೆ ಏರಿತು. ಗುರುವಾರ ಆರಕ್ಕೆ ಗೋಪಿನಾಥಂನಿಂದ ಬಸ್ಸು ಹೊರಟಿತು. ರಾಣಿ ಮೊದಲ ಪಿರಿಯಡ್ಡಿಗೇ ಹಾಜರ್. ಬಸ್ಸು ಬಂತಲ್ಲ, ಇನ್ನು ಗೋಡೆ ಅಳಿಸಿ ಎಂದು ಸಾಹೇಬರು ಹೇಳಿ ಕಳಿಸಿದ್ದಾರೆ. ವೈರಸ್ ಹೋಯಿತೆಂದು ತಾವೇನು ಪಟ್ಟಿ ಅಳಿಸುತ್ತೀರಾ? ರಾಣಿ ಗೋಡೆಯ ಇದ್ದಿಲ ಬರಹದ ಮೇಲೆ ಪೇಂಟಿನಲ್ಲಿ ತಿದ್ದಿದ್ದಾಳೆ. ಎಲ್ಲಕ್ಕಿಂತ ಮೇಲೆ ಒಂದು ಸಾಲು ಖಾಲಿ ಬಿಟ್ಟಿದ್ದಾಳೆ.