ಬಾಡಿಗೆ ಮನೇಲಿ ಬಾಡು ತಿನ್ನೋ ಗಿಡ

ಗುಲಾಬಿ ಸಾಕಿದೋರಿಗೆ ಹೂವು ಸಿಗ್ತದೆ, ಕರಿಬೇವು ಸಾಕಿದೋರಿಗೆ ಒಗ್ಗರಣೆಗೆ ಸೊಪ್ಪು ಸಿಗ್ತದೆ. ನಾನು ಹೂಜಿ ಗಿಡ ಸಾಕಿದೆ, ನನಗೆ ಸಿಕ್ಕಿದ್ದೆಲ್ಲ ಬರೀ ಪಂಚಾಯ್ತಿ. ಒಂದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಕೊಂಡು ಬರ್ತಿತ್ತು.

ಕೊಳ್ಳೇಗಾಲದಲ್ಲಿ ನನ್ನದೊಂದು ಸಣ್ಣ ಕನ್ನಡಕದ ಅಂಗಡಿ. ಗಿಡದ ಹುಚ್ಚು ಮೊದಲಿಂದ ಇದೆ, ಕೈಗುಣ ಮಾತ್ರ ಇಲ್ಲ. ನಾನು ತಂದ ದಾಸವಾಳ, ಮಲ್ಲಿಗೆ ಎಲ್ಲ ನೋಡ್ತಾ ನೋಡ್ತಾ ಕಡ್ಡಿಯಾದವು. ಕೇರಳದ ನರ್ಸರಿಯೊಂದರಿಂದ ತರಿಸಿದ ಹೂಜಿ ಗಿಡ ಒಂದೇ ನನ್ನ ಕೈಯಲ್ಲಿ ಬದುಕಿದ್ದು. ಇದರ ಎಲೆ ತುದಿಯಿಂದ ಒಂದು ಎಳೆ ಇಳಿದು, ಅದರ ಕೊನೆ ಉಬ್ಬಿ ಪುಟ್ಟ ಹೂಜಿಯಾಗ್ತದೆ. ಮೇಲೊಂದು ಮುಚ್ಚಳ, ಒಳಗೆ ನೀರು. ಅಂಚಿನ ಸಿಹಿಗೆ ಬಂದ ಇರುವೆಯೋ ನೊಣವೋ ಜಾರಿ ಒಳಗೆ ಬಿದ್ದರೆ ಅಲ್ಲೇ ಜೀರ್ಣ. ಮೊದಲ ಹೂಜಿ ಬಿಟ್ಟ ದಿನ ಅಂಗಡಿಗೆ ಬಂದೋರಿಗೆಲ್ಲ ಟೀ ಕುಡಿಸಿದೆ, ಅಷ್ಟು ಖುಷಿ ನನಗೆ.

ನಂಬರ್ ತಪ್ಪೋಗದೆ

ಮೊದಲು ಗಿಡ ಇದ್ದದ್ದು ಅಂಗಡಿಯಲ್ಲೇ, ಕೌಂಟರ್ ಪಕ್ಕ ತೂಗುಹಾಕಿದ್ದೆ. ಒಂದು ದಿನ ಕೌದಳ್ಳಿ ಕಡೆಯ ತಾತ ಒಬ್ಬರು ಹೊಸ ಕನ್ನಡಕ ತಗೊಳ್ಳೋಕೆ ಬಂದ್ರು. ಹಾಕಿಕೊಂಡು ಪೇಪರ್ ಓದಿದ್ರು. ಎದುರುಗಡೆ ಬೋರ್ಡ್ ಓದಿದ್ರು. ತಲೆಯಾಡಿಸಿದ್ರು. ಆಮೇಲೆ ಕತ್ತೆತ್ತಿ ಗಿಡದ ಕಡೆ ನೋಡಿದ್ರು.

"ಸಾ, ಇದು ಬ್ಯಾಡ. ನಂಬರ್ ತಪ್ಪೋಗದೆ."

"ಯಾಕ್ ತಾತ, ಪೇಪರ್ ಓದಿದ್ರಲ್ಲ?"

"ಪೇಪರೆಲ್ಲ ಸರಿಯಾಗೇ ಕಾಣ್ತದೆ. ಕಾಯಿಗೆ ಬಾಯಿ ಕಾಣ್ತದಲ್ಲ, ಅದ್ಯಾಕೆ?"

ಕನ್ನಡಕ ತೆಗೆದು ನೋಡಿದ್ರು. "ಈಗ ಚೆಂದಾಗದೆ. ಪಡವಲಕಾಯಿ ಇದ್ದಂಗದೆ." ಮತ್ತೆ ಹಾಕಿಕೊಂಡ್ರು. "ಈಗ ನೋಡಿ, ಬಾಯ್ ಬುಟ್ಕಂಡು ನನ್ನೇ ನೋಡ್ತದೆ."

ನಾನು ಅವರನ್ನ ಗಿಡದ ಹತ್ತಿರ ಕರ್ಕೊಂಡು ಹೋಗಿ ಬೆರಳಿಟ್ಟು ತೋರಿಸಿದೆ. ಇದಕ್ಕೆ ನಿಜವಾಗ್ಲೂ ಬಾಯಿ ಇದೆ ತಾತ, ನೊಣ ತಿಂತದೆ ಅಂದೆ. ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿ, ಕನ್ನಡಕ ಮಡಚಿ ನನ್ನ ಕೈಗಿಟ್ರು. ಕಣ್ಣು ಟೆಸ್ಟ್ ಮಾಡಿಸೋಕೆ ಕೂತಿದ್ದ ಹೆಂಗಸೊಬ್ಬರಿಗೆ ಹೋಗ್ತಾ ಮೆಲ್ಲಗೆ ಹೇಳಿದ್ರು:

"ನೀ ಬ್ಯಾರೆ ಕಡೆ ಓಗವ್ವ. ಇವರ ಕಣ್ಣೇ ಸರಿಯಿಲ್ಲ."

ಪೂಜೆ ಗಿಡ

ಆವತ್ತೇ ಗಿಡಾನ ಮನೆಗೆ ಸಾಗಿಸಿದೆ. ನಮ್ಮದು ಬಾಡಿಗೆ ಮನೆ. ಮಹಡಿ ಮೇಲೆ ನಾನು, ನನ್ನ ಹೆಂಡತಿ, ಕೆಳಗೆ ಓನರಮ್ಮ. ಮಾದಪ್ಪನ ಪರಮ ಭಕ್ತೆ. ಮನೆ ಕೊಡುವಾಗ ಅವರು ಹಾಕಿದ ಕರಾರು ಒಂದೇ: "ಈ ಮನೇಲಿ ಬಾಡು ಬೇಯ್ಬಾರ್ದು, ಯಾರೂ ತಿನ್ಲೂಬಾರ್ದು." ನಾವು ಒಪ್ಪಿದ್ವಿ. ಮಾಂಸದ ಆಸೆಯಾದಾಗ ಹೋಗೋಕೆ ಹೆಂಡತಿಯ ತವರು ಯಳಂದೂರು ಇದ್ದೇ ಇತ್ತು.

ಈ ಗಿಡಕ್ಕೆ ಹಬೆ ಇಷ್ಟ ಅಂತ ಬಚ್ಚಲ ಕಿಟಕಿಯಲ್ಲಿ ಇಟ್ಟಿದ್ದೆ. ನಲ್ಲಿ ಸೋರ್ತದಾ ಅಂತ ನೋಡೋಕೆ ಬಂದ ಓನರಮ್ಮ ಕೇಳಿದ್ರು, ಇದ್ಯಾವ ಗಿಡ ಅಂತ. ಹೂಜಿ ಗಿಡ ಅವ್ವಾ ಅಂದೆ. ನಮ್ಮ ಸೀಮೆಯಲ್ಲಿ ಹಕಾರ ಬಾಯಿಂದ ಹೊರಗೆ ಬರೋದೇ ಅಪರೂಪ. ನನ್ನ ಬಾಯಲ್ಲಿ ಅದು ಊಜಿ ಆಯ್ತು, ಅವರ ಕಿವಿಯಲ್ಲಿ ಪೂಜೆ ಆಯ್ತು.

"ಪೂಜೆ ಗಿಡಾನ ತಕಂಡೋಗಿ ಬಚ್ಚಲಲ್ಲಿ ಮಡಗಿದ್ದೀಯಲ್ಲಪ್ಪ, ಬುದ್ಧಿ ಬ್ಯಾಡ್ವಾ?"

ನಾನು ಬಾಯಿ ತೆಗೆಯೋಷ್ಟರಲ್ಲಿ ಗಿಡ ಕೆಳಗಿಳಿದು ತುಳಸಿ ಕಟ್ಟೆ ಪಕ್ಕ ಕೂತಿತ್ತು. ಮಾರನೇ ಬೆಳಗ್ಗೆ ನೋಡಿದ್ರೆ ಒಂದೊಂದು ಹೂಜಿಗೂ ಅರಿಶಿನ, ಕುಂಕುಮ. ಸಾಲದ್ದಕ್ಕೆ ಒಳಗೆ ಒಂದೊಂದು ಚಮಚ ಹಾಲು. ಹಾಲು ಬೇಡ ಅವ್ವಾ ಅಂದ್ರೆ, "ಬಾಯ್ ತಕ್ಕಂಡು ಕೇಳ್ತದಲ್ಲಪ್ಪ, ಇಲ್ಲ ಅಂತ ಎಂಗನ್ಲಿ" ಅಂದ್ರು. ಆ ಭಕ್ತಿ ನೋಡಿ ನಿಜ ಹೇಳೋ ಧೈರ್ಯ ನನಗೆ ಬರಲಿಲ್ಲ.

ಆದರೆ ನಿಜ ತಾನೇ ಹಾರ್ಕೊಂಡು ಬಂತು. ಓನರಮ್ಮ ಗಂಟೆ ಅಲ್ಲಾಡಿಸಿ ಕೈ ಮುಗಿಯುವಾಗ, ಹಾಲಿನ ವಾಸನೆಗೆ ಬಂದ ನೊಣ ಅಂಚಿನ ಮೇಲೆ ಕೂತು, ಜಾರಿ, ಒಳಗೆ ಹೋಯ್ತು. ಅವರು ಕಾದ್ರು. ಬರಲಿಲ್ಲ. ನನ್ನನ್ನ ಕೂಗಿದ್ರು.

"ಒಳಕ್ಕೋದ ನೊಣ ಯಾವಾಗ ಬತ್ತದೆ?"

"ಬರಲ್ಲ ಅವ್ವಾ. ಅದನ್ನ ಗಿಡ ತಿನ್ನುತ್ತೆ."

ಗಂಟೆ ಕೆಳಗಿಟ್ರು. "ಬಾಡು ತಿನ್ನೋರ್ಗೆ ಮನೆ ಕೊಡಲ್ಲ ಅಂದಿರ್ಲಿಲ್ವಾ ನಾನು?"

"ತಿಂದದ್ದು ಗಿಡ ಅವ್ವಾ, ನಾವಲ್ಲ."

"ಗಿಡ ಈ ಮನೇಲಿಲ್ವಾ? ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೋಗ್ತಿವ್ನಿ. ನಾನು ಬರೋ ಒತ್ಗೆ ಅದಿರ್ಬಾರ್ದು. ಇದ್ರೆ ನೀವಿರ್ಬಾರ್ದು."

ಗಿಡಾನ ಎತ್ಕೊಂಡು ಮೇಲೆ ಹೋಗಿ ಹೆಂಡತಿಯನ್ನ ಕೇಳಿದೆ, ಬೇರೆ ಮನೆ ನೋಡೋಣ್ವಾ ಅಂತ. ಅವಳು ಈರುಳ್ಳಿ ಹೆಚ್ತಾ ಇದ್ದೋಳು ತಲೆ ಎತ್ತಲಿಲ್ಲ.

"ನೋಡಿ. ನಿಮಗೂ ಗಿಡಕ್ಕೂ ಸಾಕಾಗೋ ಅಷ್ಟು ಇದ್ರೆ ಸಾಕು. ನಾನು ದಿನಾ ನಲ್ಲೀಲಿ ನೀರು ಬರೋ ಈ ಮನೇಲೇ ಇರ್ತೀನಿ."

ಬಾಡದಂಗೆ ನೋಡ್ಕಳಿ

ಗಿಡಕ್ಕೊಂದು ನೆಲೆ ಹುಡುಕೋಣ ಅನ್ನೋಷ್ಟರಲ್ಲಿ ಯಳಂದೂರಿನಲ್ಲಿ ಹೆಂಡತಿಯ ಕಡೆ ಒಂದು ನಾಮಕರಣ ಬಂತು. ಓನರಮ್ಮ ಆಗಲೇ ಬೆಟ್ಟದ ಬಸ್ ಹತ್ತಿದ್ರು. ಬೀಗದ ಕೈಯನ್ನ ಎದುರು ಮನೆಯ ಡ್ರೈವರಣ್ಣನಿಗೆ ಕೊಟ್ಟು ಹೋದ್ವಿ. ರಿಟೈರ್ ಆದ ಬಸ್ ಡ್ರೈವರ್, ಬಲು ಒಳ್ಳೆಯ ಮನುಷ್ಯ. ಎಂಜಿನ್ ಪಕ್ಕ ಕೂತು ಕೂತು ಕಿವಿ ಮಾತ್ರ ಸ್ವಲ್ಪ ಮಂದ.

ಅಲ್ಲಿಂದ ಫೋನ್ ಮಾಡಿದೆ. ಹಿಂದೆ ವಾಲಗ, ಮಕ್ಕಳ ಗಲಾಟೆ.

"ಅಣ್ಣಾ, ಗಿಡ ಬಾಡದಂಗೆ ನೋಡ್ಕಳಿ."

"ಏನು? ಗಿಡಕ್ಕೆ ಬಾಡಾ?"

"ಊಂ, ಬಾಡ್ಬಾರ್ದು, ಅಷ್ಟೇ."

"ಬಾಡ್ ತಾನೇ, ಬುಡಿ ಸಾ. ಇವತ್ತು ಭಾನ್ವಾರ, ನಮ್ಮನೇಲಿ ಎಂಗೂ ಇರ್ತದೆ. ನಾನ್ ನೋಡ್ಕತೀನಿ."

ಕೊನೆ ಮಾತು ವಾಲಗದಲ್ಲಿ ಮುಳುಗಿಹೋಯ್ತು. ನೋಡ್ಕತೀನಿ ಅನ್ನೋದೊಂದು ಕೇಳಿಸ್ತು, ನೆಮ್ಮದಿಯಾಗಿ ಊಟಕ್ಕೆ ಕೂತೆ.

ಬುಧವಾರ ವಾಪಸ್ ಬಂದು ಬಾಗಿಲು ತೆಗೆದ್ರೆ ಮೂಗು ಬಿಡೋ ಹಾಗಿಲ್ಲ. ದೊಡ್ಡ ಹೂಜಿಗಳಲ್ಲೆಲ್ಲ ಮಟನ್ ತುಂಡು. ಅದು ಕೊಳೆತು, ಹೂಜಿಗಳು ಕಪ್ಪಾಗಿ ಜೋತುಬಿದ್ದಿದ್ವು. ನನಗೆ ಅಳು ಬರೋದೊಂದು ಬಾಕಿ. ಹೆಂಡತಿ ಕಿಟಕಿ ತೆಗೆಯೋಕೆ ಓಡಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬೆಟ್ಟದಿಂದ ಆಗತಾನೇ ಇಳಿದು ಬಂದ ಓನರಮ್ಮ, ಹಣೆ ತುಂಬ ವಿಭೂತಿ, ಕೈಯಲ್ಲಿ ನಮಗೆ ಅಂತಲೇ ತಂದ ಲಾಡು ಪ್ರಸಾದ. ಅರ್ಧ ಮೆಟ್ಟಿಲಲ್ಲೇ ನಿಂತ್ರು.

"ಯಾರು ಬೇಯ್ಸಿದ್ದು?"

"ಯಾರೂ ಬೇಯ್ಸಿಲ್ಲ ಅವ್ವಾ, ಮಾದಪ್ಪನಾಣೆ."

"ಮತ್ತೆ ಯಾರು ತಿಂದದ್ದು?"

ನಾನು ಗಿಡದ ಕಡೆ ಕೈ ತೋರಿಸಿದೆ. ಅವರು ನಂಬಬೇಕೋ ಬೇಡವೋ ಅನ್ನೋ ಹಾಗೆ ನಿಂತಿರುವಾಗ, ಡ್ರೈವರಣ್ಣ ಎದುರು ಮನೆ ಜಗಲಿಯಿಂದಲೇ ಕೂಗಿದ್ರು:

"ಸಾ, ತಿಂತಾ? ಖಾರ ಆಗ್ಬಾರ್ದು ಅಂತ ಮಸಾಲೆ ತೊಳ್ದೇ ಆಕಿವ್ನಿ. ಉಪ್ಪು ಸರಿಯಾಗಿತ್ತಾ?"

ಸೋಮವಾರ

ಮಾರನೇ ಬೆಳಗ್ಗೆ ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಡ್ರೈವರಣ್ಣನ ತುಂಡು ಹಿಡಿಯದ ಸಣ್ಣ ಹೂಜಿಗಳು ಮಾತ್ರ ಉಳಿದವು. ಹನೂರಿನ ಗೆಳೆಯನಿಗೆ ಬಸ್‌ನಲ್ಲಿ ಕಳಿಸೋಣ ಅಂತ ಗಿಡಾನ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟೆ. ನನ್ನ ಕೈಯಲ್ಲಿ ಬದುಕಿದ ಗಿಡ ಅದೊಂದೇ. ಆದರೂ ಮನೆ ಉಳೀಬೇಕಲ್ಲ. ಹೇಳಿ ಹೋಗೋಣ ಅಂತ ಓನರಮ್ಮನ ಅಡಿಗೆಮನೆ ಬಾಗಿಲಲ್ಲಿ ನಿಂತೆ.

ಅವರು ಬೆಲ್ಲದ ಡಬ್ಬ ಮುಂದಿಟ್ಟುಕೊಂಡು ಊದ್ತಾ ಇದ್ರು. ಬೆಟ್ಟಕ್ಕೆ ಹೋಗಿದ್ದಾಗ ಡಬ್ಬಕ್ಕೆ ಇರುವೆ ಮುತ್ತಿತ್ತು. ಮದ್ದು ಹಾಕಲ್ಲ, ಒರೆಸಿ ಕೊಲ್ಲಲ್ಲ, ಪಾಪ ಬರ್ತದೆ ಅಂತ. ಬರೀ ಊದೋದು, "ಓಗ್ರಪ್ಪ, ಓಗ್ರವ್ವ" ಅನ್ನೋದು. ಒಂದೂ ಹೋಗ್ತಿರಲಿಲ್ಲ.

ಇದನ್ನ ಹನೂರಿಗೆ ಕಳಿಸ್ತಿದ್ದೀನಿ ಅವ್ವಾ ಅಂತ ನಾನು ಪೆಟ್ಟಿಗೆ ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಇರುವೆ ಸಾಲು ಅತ್ತ ತಿರುಗಿತು. ಒಂದು ಇರುವೆ ಹೂಜಿಯ ಅಂಚು ಹತ್ತಿತು, ಒಳಗೆ ಬಿತ್ತು. ಹಿಂದಿನದೂ ಬಿತ್ತು. ಓನರಮ್ಮ ಊದೋದು ನಿಲ್ಲಿಸಿದ್ರು.

"ಇದು ತಿಂದ್ರೆ ಪಾಪ ಯಾರ್ಗಪ್ಪ?"

"ಗಿಡಕ್ಕೆ ಅವ್ವಾ. ನಮಗೇನಿಲ್ಲ."

ಬೆಲ್ಲದ ಡಬ್ಬಕ್ಕೆ ಮುಚ್ಚಳ ಹಾಕಿದ್ರು. "ಅನೂರಿಗೆ ಯಾಕೆ ಅಷ್ಟು ದೂರ. ಇಲ್ಲೇ ಇರ್ಲಿ, ನನ್ ಅಡುಗೆಮನೇಲಿ. ನೀವೂ ಇರಿ. ಆದ್ರೆ ಸ್ವಾಮಾರ ಮಾದಪ್ಪನ ವಾರ, ಅವತ್ತು ಅದು ಏನೂ ಮುಟ್ಬಾರ್ದು."

ನಾನು ತಲೆಯಾಡಿಸಿದೆ, ಗಿಡದ ಪರವಾಗಿಯೂ. ಸೋಮವಾರ ಬಂತು. ಓನರಮ್ಮ ಬೆಳಗ್ಗೆಯೇ ಒಂದೊಂದು ಹೂಜಿಯ ಬಾಯಿಗೂ ಹತ್ತಿ ತುರುಕಿ, ವಿಭೂತಿ ಹಚ್ಚಿದ್ರು. ದಿನವಿಡೀ ಗಿಡ ಕಟ್ಟುನಿಟ್ಟಾಗಿ ಉಪವಾಸ ಮಾಡಿತು.

ಮಂಗಳವಾರ ಬೆಳಗ್ಗೆ ಅದು ಹೇಗಿದೆ ಅಂತ ನೋಡೋಕೆ ಇಳಿದು ಹೋದೆ. ಓನರಮ್ಮ ಹತ್ತಿ ತೆಗೆದು, ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ರು. ಕೈಯಲ್ಲಿ ಪೊರಕೆ ಕಡ್ಡಿ. ಕಡ್ಡಿ ತುದಿಯಲ್ಲಿ ಒಂದು ಸಣ್ಣ ಜಿರಳೆ, ಕಾಲು ಝಾಡಿಸ್ತಾ ಇತ್ತು. "ನೆನ್ನೆಯಿಂದ ಏನೂ ತಿಂದಿಲ್ಲ ಕಣ್ ಮಗಾ, ತಕೊ" ಅಂತ ಅದನ್ನ ಹೂಜಿಯೊಳಕ್ಕೆ ತಳ್ಳಿದ್ರು. ತಿರುಗಿದ್ರೆ ಬಾಗಿಲಲ್ಲಿ ನಾನು. ಅವರು ಸೆರಗು ಸರಿಮಾಡಿಕೊಂಡು, ಬಲು ಗಂಭೀರವಾಗಿ ಹೇಳಿದ್ರು:

"ನಾನೇನು ಕೊಲ್ತಾ ಇಲ್ಲ ಕಣಪ್ಪ. ಬಡುಸ್ತಾ ಇವ್ನಿ, ಅಷ್ಟೇಯ."