ಅಡಿಪಟ್ಟಿಯ ಮನೆಯ ಡ್ರಮ್ಮು

ಎಲ್ಲಕ್ಕೂ ಕಾರಣ ಎರಡು ರಗ್ಗು. ಮಗಳು ಅವುಗಳ ಮೇಲೆ ಲೋಟದ ತುಂಬ ಹಾಲು ಚೆಲ್ಲಿದ್ದಳು. ಒಗೆದುಬಿಡೋಣವೆಂದು ತಾಯಿ ಬೆಳಗ್ಗೆ ಆರಕ್ಕೇ ಅಂಗಳಕ್ಕೆ ಡ್ರಮ್ಮು ಉರುಳಿಸಿ ತಂದು, ಅದಕ್ಕೂ ಮನೆಯ ಬಕೆಟ್ಟುಗಳಿಗೂ ನೀರು ತುಂಬಿದಳು.

ಬೇರೆಯವರ ಮನೆಯಲ್ಲಾದರೆ ಇದು ಸುದ್ದಿಯೇ ಅಲ್ಲ. ಆದರೆ ಅವಳ ಗಂಡ ಊರಿಗೆ ನೀರು ಕೊಡುವ ಜಲಾಗಾರದಲ್ಲಿ ನೀರಿನ ಮಟ್ಟ ನೋಡುವವನು. ಗಂಟೆಗೊಮ್ಮೆ ಗೋಡೆಯ ಮೇಲಿನ ಅಳತೆ ಓದಿ, ಪುಸ್ತಕದಲ್ಲಿ ಬರೆದು, ಕಚೇರಿಗೆ ಫೋನು ಮಾಡುವುದು ಅವನ ಕೆಲಸ. ಆಳು ಸಣಕಲು, ಉದ್ದ. ಅದಕ್ಕೇ ಬೀದಿಯವರು ಬೆನ್ನ ಹಿಂದೆ ಅವನನ್ನು ಅಡಿಪಟ್ಟಿ ಎನ್ನುತ್ತಿದ್ದರು. ಅವನು ಜಲಾಗಾರದ ಮಟ್ಟ ನೋಡಿದರೆ, ಬೀದಿಯವರು ಅವನ ಮನೆಯ ಬಕೆಟ್ಟುಗಳ ಮಟ್ಟ ನೋಡುತ್ತಿದ್ದರು. ನೀರು ಬಿಡುವ ವೇಳಾಪಟ್ಟಿಯನ್ನು ಯಾರೂ ನಂಬುತ್ತಿರಲಿಲ್ಲ. ಅಡಿಪಟ್ಟಿಯ ಮನೆಯಲ್ಲಿ ಒಂದು ಬಕೆಟ್ಟು ಹೆಚ್ಚು ತುಂಬಿತೆಂದರೆ ನಾಳೆ ನೀರಿಲ್ಲ, ಅಷ್ಟೇ.

ಎದುರುಮನೆಯ ನಿವೃತ್ತ ಮೇಷ್ಟ್ರು ಕಿಟಕಿಯಿಂದ ಇಣುಕಿದರು.

“ಲೇ ಇವಳೇ, ಇವತ್ತು ಡ್ರಮ್ಮೇ ಆಚೆ ಬಂದಿದೆ ಕಣೇ! ಇನ್ನು ನಾಲ್ಕು ದಿನ ನೀರಿಲ್ಲ ಅಂತಲೇ ಲೆಕ್ಕ.”

ಮೇಷ್ಟ್ರ ಹೆಂಡತಿ ತಂಗಿಗೆ ಫೋನು ಮಾಡಿದರು. ತಂಗಿ ನಾದಿನಿಗೆ ಹೇಳಿದಳು. ನಾದಿನಿ ಹತ್ತು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಎಂಟು ಗಂಟೆಗೆ ಊರಿಗೆ ಊರೇ ನಲ್ಲಿ ತಿರುಗಿಸಿಕೊಂಡು ನಿಂತಿತ್ತು.

ಅತ್ತ ಅಡಿಪಟ್ಟಿ ಅಳತೆ ಓದಿ ಕಣ್ಣುಜ್ಜಿಕೊಂಡ. ಏಳಕ್ಕೆ ಹದಿನೈದು ಅಡಿ ಇದ್ದದ್ದು ಒಂಬತ್ತಕ್ಕೆ ಹದಿಮೂರು, ಹತ್ತಕ್ಕೆ ಹನ್ನೊಂದು. ನೀರು ಜಾರುಬಂಡೆಯ ಮೇಲೆ ಕೂತ ಮಗುವಿನಂತೆ ಇಳಿಯುತ್ತಿತ್ತು. ಅಷ್ಟರಲ್ಲಿ ಎಂಜಿನಿಯರ ಫೋನು ಬಂತು.

“ಏನ್ರೀ, ಅಷ್ಟೂ ನೀರು ನೀವೇ ಕುಡೀತಾ ಕೂತಿದ್ದೀರಾ? ನಾಲ್ಕು ಗಂಟೆಗೆ ನಾನೇ ಬರ್ತೀನಿ. ಹನ್ನೆರಡಡಿ ಇಲ್ಲದಿದ್ರೆ ಬೆಟ್ಟದ ಪಂಪುಮನೆಗೆ ಗಂಟುಮೂಟೆ ಕಟ್ಟಿ!”

ಬೆಟ್ಟಕ್ಕೆ ದಿನಕ್ಕೊಂದೇ ಬಸ್ಸು. ಅಲ್ಲಿ ಶಾಲೆಯೂ ಇಲ್ಲ. ಮಗಳೋ, ಶಾಲೆಯ ಬಾಗಿಲಲ್ಲಿ ಅಳುವುದನ್ನು ನಿಲ್ಲಿಸಿ ಇನ್ನೂ ಒಂದು ವಾರವಷ್ಟೇ ಆಗಿತ್ತು. ಅಡಿಪಟ್ಟಿ ಪುಸ್ತಕವನ್ನು ಪಂಪಿನವನ ಕೈಗೆ ಕೊಟ್ಟು ಸೈಕಲ್ ಹತ್ತಿದ.

ಬೀದಿಯ ತಿರುವಿನಲ್ಲೇ ಅವನು ಬ್ರೇಕು ಹಿಡಿದ. ಟಬ್ಬು, ತಪ್ಪಲೆ, ಹೂದಾನಿ, ಯಾವುದೂ ಖಾಲಿ ಇರಲಿಲ್ಲ. ಮೇಷ್ಟ್ರ ಹೆಂಡತಿ ಕುಕ್ಕರಿಗೂ ತುಂಬಿ, ವಿಸಿಲ್ ಸಮೇತ ಮುಚ್ಚಿಟ್ಟಿದ್ದರು.

“ಮೇಷ್ಟ್ರೇ, ನೀರಿಗೇನೂ ತೊಂದರೆ ಇಲ್ಲ! ದಯವಿಟ್ಟು ನಲ್ಲಿ ನಿಲ್ಸಿ!”

“ಹಾಗನ್ನು ಅಂತ ಆಫೀಸಿನವರು ಹೇಳಿಕೊಟ್ಟಿರ್ತಾರೆ ಬಿಡಪ್ಪ. ಇನ್ನೊಂದು ವಾರ ನೀರಿಲ್ಲ ಅಂತಾಯ್ತು.”

“ನನ್ನಾಣೆಗೂ ನೀರಿದೆ ಮೇಷ್ಟ್ರೇ!”

“ಅಯ್ಯೋ, ಆಣೆ ಬೇರೆ ಇಡ್ತಿದ್ದಾನೆ,” ಮಹಡಿಯಿಂದ ದರ್ಜಿಯ ಹೆಂಡತಿ ಕೂಗಿದಳು. “ಹದಿನೈದು ದಿನವೇ ಸೈ!”

ಅವನ ಹೆಂಡತಿ ಗೇಟಿಗೆ ಬಂದಳು. “ರೀ, ಏನಾಗಿದೆ ಇವರಿಗೆಲ್ಲ? ಬೆಳಗ್ಗಿಂದ ನಮ್ಮ ಡ್ರಮ್ಮನ್ನೇ ನೋಡ್ತಿದ್ದಾರೆ.”

ಅಡಿಪಟ್ಟಿಯೂ ಡ್ರಮ್ಮು ನೋಡಿದ. ಆಗ ಅವನ ತಲೆಗೆ ಹೊಳೆಯಿತು. ಬಕೆಟ್ಟು ಎತ್ತಿಕೊಂಡ. ಗಿಡಗಳಿಗೆ ಸುರಿದ. ಮೆಟ್ಟಿಲಿಗೆ ಸುರಿದ. ಸೈಕಲ್ಲನ್ನು ಮದುವಣಗಿತ್ತಿಯಂತೆ ಮೀಯಿಸಿದ.

“ಅಯ್ಯೋ, ನನ್ನ ರಗ್ಗು ಇನ್ನೂ ಒಗ್ದಿಲ್ಲ ಕಣ್ರೀ!” ಹೆಂಡತಿ ಬಕೆಟ್ಟು ಕಿತ್ತುಕೊಳ್ಳಲು ಬಂದಳು. ಅವನು ಸಿಳ್ಳೆ ಹಾಕುತ್ತ ಡ್ರಮ್ಮನ್ನೇ ರಸ್ತೆಗೆ ಮಗುಚಿದ.

ಕಿಟಕಿಗಳಲ್ಲಿ ಒಂದೊಂದಾಗಿ ತಲೆಗಳು ಕಾಣಿಸಿಕೊಂಡವು.

“ಚೆಲ್ತಿದ್ದಾನೆ ಕಣೇ,” ಮೇಷ್ಟ್ರು ಪಿಸುಗುಟ್ಟಿದರು. “ಅಲ್ಲಿ ತುಂಬಿ ತುಳುಕ್ತಿರಬೇಕು. ಸುಮ್ನೆ ಸೊಂಟ ಮುರ್ಕೊಂಡ್ವಲ್ಲ! ನಿಲ್ಸು ನಲ್ಲಿ.” ಅವರ ಹೆಂಡತಿ ಆಗಲೇ ತಂಗಿಗೆ ಫೋನು ತಿರುಗಿಸಿದ್ದರು.

ಮಧ್ಯಾಹ್ನವೆಲ್ಲ ಊರಿನಲ್ಲಿ ಒಂದು ನಲ್ಲಿಯೂ ತೊಟ್ಟಿಕ್ಕಲಿಲ್ಲ. ಎಲ್ಲರ ಮನೆಯಲ್ಲೂ ಕುಕ್ಕರಿನವರೆಗೆ ನೀರಿತ್ತಲ್ಲ! ಅತ್ತ ಜಲಾಗಾರಕ್ಕೆ ಪಂಪು ನೀರು ತುಂಬುತ್ತಲೇ ಇತ್ತು. ನಾಲ್ಕಕ್ಕೆ ಎಂಜಿನಿಯರು ಬಂದಾಗ ಮಟ್ಟ ಹದಿನಾಲ್ಕು ಅಡಿ. ಅವರು ಗೋಡೆ ನೋಡಿದರು, ಪುಸ್ತಕ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಗೋಡೆ ನೋಡಿದರು.

“ಇದು ಹೇಗ್ರೀ ಸಾಧ್ಯ?”

“ಜನ ನಲ್ಲಿ ನಿಲ್ಸಿದ್ರು ಸಾರ್. ನಾನೇ... ಸ್ವಲ್ಪ ತಿಳಿಸಿದೆ.”

“ಒಂದೇ ದಿನದಲ್ಲಿ ಊರಿಗೆ ಊರೇ ನಿಮ್ಮ ಮಾತು ಕೇಳ್ತಾ? ನನ್ನ ಮಾತು ಮನೇಲೂ ಯಾರೂ ಕೇಳಲ್ಲ!” ಎಂಜಿನಿಯರು ಅವನ ಬೆನ್ನು ತಟ್ಟಿದರು. ಅಡಿಪಟ್ಟಿ ಹಿಗ್ಗಿ ಇನ್ನೊಂದು ಅಡಿ ಉದ್ದವಾದ. “ಬೆಟ್ಟದ ಕಡೆ ಜನ ಎಂಥವರು ಗೊತ್ತಾ? ಎಷ್ಟು ಬಡ್ಕೊಂಡ್ರೂ ನಲ್ಲಿ ನಿಲ್ಸಲ್ಲ. ಅಲ್ಲಿಗೆ ನಿಮ್ಮಂಥೋರೇ ಬೇಕು ಕಣ್ರೀ. ನಾಳೇನೇ ಹೊರಡಿ!”

ಸಂಜೆ ಗಂಡಹೆಂಡಿರು ಅಟ್ಟದಿಂದ ಎರಡು ಟ್ರಂಕು ಇಳಿಸಿ, ದೂಳು ಒರೆಸಲು ಅಂಗಳಕ್ಕೆ ತಂದರು. ಎದುರು ಕಿಟಕಿಯ ಪರದೆ ಸರಿಯಿತು. ಮಹಡಿಯ ಕಿಟಕಿಯೂ ತೆರೆಯಿತು. ಸ್ವಲ್ಪ ಹೊತ್ತಿನಲ್ಲೇ ಬೀದಿಯ ಉದ್ದಕ್ಕೂ ಅಟ್ಟಗಳಿಂದ ಟ್ರಂಕು ಎಳೆಯುವ ಸದ್ದು ಗುಡುಗಿನ ಹಾಗೆ ಕೇಳತೊಡಗಿತು.

ಮೇಷ್ಟ್ರು ಗೇಟು ದಾಟಿ ಬಂದು ಅಡಿಪಟ್ಟಿಯ ಕಿವಿಯ ಹತ್ತಿರ ಬಗ್ಗಿದರು.

“ಎಲ್ಲಿಗೆ ಹೋಗ್ತಿದ್ದೀಯ ಅಂತ ಕೇಳಲ್ಲಪ್ಪ, ನಿನ್ನ ಬಾಯಿಂದ ನಿಜ ಬರಲ್ಲ. ಅಲ್ಲಿ ನಿನ್ನ ಎದುರುಮನೆ ಮಾತ್ರ ನಮಗೇ ಹೇಳಿಟ್ಟಿರು.”