ಕೆಂಪು ಮಫ್ಲರ್, ಸಂಖ್ಯೆ ಮೂವತ್ತೆರಡು

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ನಿವೃತ್ತ ಗೂಢಚಾರರೊಬ್ಬರನ್ನು, ಅದೂ ಎದೆಗೆ ಸ್ಟೆಂಟ್ ಹಾಕಿಸಿಕೊಂಡವರನ್ನು, ಮರಳಿ ಅಪಾಯದ ಬಾಯಿಗೆ ದೂಡಿದ ಖಳನಾಯಕ ನಾನೇ. ಆಯುಧ, ಒಂದು ಸಾರ್ವಜನಿಕ ಟೆಲಿಫೋನು. ಸಂಚು ನಡೆದ ಸ್ಥಳ, ಲಂಡನ್ನಿನ ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಕಾರ್ಖಾನೆಯ ಹಿತ್ತಲು.

ಗೂಢಚಾರರೆಂದರೆ ನಮ್ಮ ಕಾಕಾ. ಧಾರವಾಡದ ಪೊಲೀಸ್ ಗುಪ್ತದಳದಲ್ಲಿ ಮೂವತ್ತು ವರ್ಷ ಸವೆಸಿ, ಡಾಕ್ಟರ್ ಮಗಳ ಜೊತೆ ಇರಲೆಂದು ಹೆಂಡತಿ ಕಾಕುವಿನ ಸಮೇತ ಕಿಂಗ್ಸ್‌ಬರಿಗೆ ಬಂದವರು. ಅವರಷ್ಟು ಗುಟ್ಟಿನ ಮನುಷ್ಯ ಲಂಡನ್ನಿನಲ್ಲಿ ಇನ್ನೊಬ್ಬರಿಲ್ಲ ಎಂಬುದು ಇಡೀ ಕಿಂಗ್ಸ್‌ಬರಿಗೆ ಗೊತ್ತಿತ್ತು! ತರಕಾರಿ ಅಂಗಡಿಯ ಗುಜರಾತಿ ಯಜಮಾನ ಇವರನ್ನು ದೂರದಿಂದ ಕಂಡರೇ ‘ಆಯಿಯೇ ಸಿಐಡಿ ಸಾಬ್’ ಎನ್ನುತ್ತಿದ್ದ. ಆ ಅಂಗಡಿ ಮನೆಯಿಂದ ಐದು ನಿಮಿಷದ ದಾರಿ. ಕಾಕಾ ಅಲ್ಲಿಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಬೆನ್ನು ಹತ್ತಿದವರನ್ನು ತಪ್ಪಿಸಬೇಡವೇ? ಹಾಗಾಗಿ ನಮ್ಮ ಸಾರಿಗೆ ಹಸಿರು ಕೊತ್ತಂಬರಿಯ ಯೋಗವೇ ಇರಲಿಲ್ಲ.

“ನಿಮ್ಮ ಬೆನ್ನ ಹತ್ತಿದಾವ್ರ ಕೈಯಾಗ ಕೊಟ್ಟು ಕಳಸ್ರಿ,” ಎಂದು ಕಾಕು ಒಮ್ಮೆ ಬಾಡಿದ ಕಟ್ಟನ್ನು ಬಿಡಿಸುತ್ತ ಹೇಳಿದ್ದರು. “ಅವರರ ಲಗೂನ ಮುಟ್ಟಸ್ತಾರ.”

ಇನ್ನು ಚಹಾ. ಧಾರವಾಡದ ಹೋಟೆಲುಗಳಲ್ಲಿ ಕೂತು ಪಕ್ಕದ ಟೇಬಲಿನವರ ಮಾತು ಕೇಳುವುದೇ ಕಾಕಾನ ಕಸುಬಾಗಿತ್ತಲ್ಲ, ಅಲ್ಲಿನ ನಿಯಮ ಒಂದೇ: ಕಪ್ಪು ಖಾಲಿಯಾದರೆ ಮಾಲೀಕ ಎಬ್ಬಿಸುತ್ತಾನೆ, ಆದ್ದರಿಂದ ಕೊನೆಯ ಗುಟುಕು ಕುಡಿಯಕೂಡದು. ನಿವೃತ್ತಿಯಾದ ಮೇಲೂ ಅವರು ಆ ಗುಟುಕನ್ನು ಕುಡಿದದ್ದನ್ನು ಯಾರೂ ಕಂಡಿಲ್ಲ. ಮೊಬೈಲು ಕೊಡಿಸಲು ಹೋದರೆ, ಗೂಢಚಾರನ ಕಿಸೆಯಲ್ಲಿ ಗಂಟೆ ಬಾರಿಸುವ ಸಾಮಾನು ಇರಬಾರದು ಎಂದು ಹಿಂತಿರುಗಿಸಿದ್ದರು.

ನಾನು ಓದಲು ಬಂದು ಅವರ ಮನೆಯ ಚಿಕ್ಕ ಕೋಣೆಯಲ್ಲಿ ಬಿಡಾರ ಹೂಡಿದವನು. ಮನೆಯಲ್ಲಿ ಮೊಟ್ಟೆ ಮುಟ್ಟದ ಕುಲದೀಪಕ, ಕಾರ್ಖಾನೆಯಲ್ಲಿ ಎಂಟು ತಾಸು ನಿಂತು ಬ್ರೆಡ್ಡಿಗೆ ಮೊಟ್ಟೆ ಬಳಿಯುತ್ತಿದ್ದೆ. ಕಾಲು ಸೋತು, ಸೊಂಟ ಸೋತು ಮನೆಗೆ ಬಂದರೆ ಕಾಕಾನ ದಿನದ ವರದಿ ಸಿದ್ಧ: ಎದುರು ಮನೆಯವಳು ಎರಡು ಸಲ ಕಸ ಇಟ್ಟಳು, ಪೋಸ್ಟ್‌ಮನ್ ಹೊಸಬ, ನಡಿಗೆ ಅನುಮಾನ. ಹ್ಞೂಂಗುಟ್ಟುವುದೂ ಒಂದು ಓವರ್‌ಟೈಮೇ! ನನಗಿದ್ದ ಒಂದೇ ಮನರಂಜನೆ ಮಿಮಿಕ್ರಿ. ಟ್ಯೂಬ್ ರೈಲಿನ ಪ್ರಕಟಣೆಯ ಹೆಂಗಸು, ನಮ್ಮ ಸೂಪರ್‌ವೈಸರ್, ಕಾಕು, ಎಲ್ಲರೂ ನನ್ನ ಗಂಟಲಲ್ಲಿದ್ದರು. ಒಮ್ಮೆ ನನ್ನನ್ನೇ ಅನುಕರಿಸಿದೆ. ಯಾರೂ ನಗಲಿಲ್ಲ. ಅಸಲಿಯೇ ಅಷ್ಟು ಸಪ್ಪೆಯಂತೆ.

ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಕಾಕಾನ ಹಳೆಯ ಸಾಹೇಬರ ದನಿ. ಸಾಹೇಬರನ್ನು ನಾನು ಕಂಡವನಲ್ಲ. ಕಾಕಾ ಕತೆ ಹೇಳುವಾಗ ಪ್ರತಿ ಮಾತಿಗೂ ಮೊದಲು ಎರಡು ಸಲ ಕೆಮ್ಮಿ, ಮೂಗಿನಲ್ಲಿ ಮಾತಾಡಿ ತೋರಿಸುತ್ತಿದ್ದರು. ಅದನ್ನೇ ಕದ್ದೆ.

ಒಂದು ಚಳಿಗಾಲ ಕಾಕಾನ ಎದೆ ಕೈಕೊಟ್ಟಿತು. ಆಸ್ಪತ್ರೆಯಿಂದ ಬಂದವರು ಸೋಫಾ ಹಿಡಿದರು. ದಿನಾ ನಡೆಯದಿದ್ದರೆ ಮತ್ತೆ ಆಸ್ಪತ್ರೆಗೇ ಸೇರುತ್ತೀರಿ ಎಂದು ಜಿಪಿ ಡಾಕ್ಟರು ಎಚ್ಚರಿಸಿದರು. ಮಗಳು ಬೈದಳು, ಕಾಕು ಅತ್ತರು. ಕಾಕಾ ಏಳಲಿಲ್ಲ. ಒಂದು ವರ್ಷ ತಿರುಗಿ ಬರುವ ಹೊತ್ತಿಗೆ ವರದಿಗಳೂ ನಿಂತುಹೋದವು. ಎದುರು ಮನೆಯವಳು ಹತ್ತು ಸಲ ಕಸ ಇಟ್ಟರೂ ಕೇಳುವವರಿಲ್ಲ! ಬೇಸರ ತರಿಸುತ್ತಿದ್ದ ಆ ವರದಿಗಳಿಲ್ಲದೆ ನನಗೆ ಊಟ ಸೇರದಾಯಿತು.

ಒಂದು ಭಾನುವಾರ ಬಾಡಿಗೆಗೆ ಒಂದು ಸಿನಿಮಾ ಡಿವಿಡಿ ತಂದೆ. ಅದರಲ್ಲಿ ನಿವೃತ್ತ ಗೂಢಚಾರರು ಹೂಗಿಡಕ್ಕೆ ನೀರು ಹಾಕಿಕೊಂಡಿರುವಾಗ ಇಲಾಖೆ ಮತ್ತೆ ಕರೆಯುತ್ತದೆ. ಆಮೇಲೆ ಎರಡು ತಾಸು ಕಾರು ಹಾರುತ್ತವೆ, ಮನೆ ಉರಿಯುತ್ತವೆ, ಮುದುಕರು ಜೋಕು ಹೊಡೆಯುತ್ತ ಗುಂಡೂ ಹೊಡೆಯುತ್ತಾರೆ. ಇಷ್ಟಕ್ಕೆಲ್ಲ ಮೂರು ಪ್ರತಿ ವರದಿ ಬರೆಯುವವರು ಯಾರು ಎಂಬುದೊಂದೇ ಕಾಕಾನ ಚಿಂತೆ. ಆದರೆ ನಾಯಕನ ಮನೆಯ ಫೋನು ರಿಂಗಾಗುವ ದೃಶ್ಯ ಬಂದಾಗ ಅವರು ಸೋಫಾದಿಂದ ಬೆನ್ನು ಎತ್ತಿ ಕೂತದ್ದನ್ನು ನಾನು ನೋಡಿದೆ.

ತಲೆಯಲ್ಲಿ ದೀಪ ಹತ್ತಿತು. ಅದರಲ್ಲಿ ಕಾಳಜಿ ಕಾಲು ಪಾಲು, ಕಿಡಿಗೇಡಿತನ ಮುಕ್ಕಾಲು.

ಮರುದಿನ ಕಾರ್ಖಾನೆಯ ಹಿತ್ತಲಿನ ಫೋನಿನಿಂದ ಮನೆಗೆ ಕರೆ ಮಾಡಿದೆ. ಎತ್ತಿದ್ದು ಕಾಕು. ಎರಡು ಸಲ ಕೆಮ್ಮಿ, ಸಾಹೇಬರ ದನಿಯಲ್ಲಿ ಕಾಕಾನ ಹೆಸರು ಹೇಳಿ ಕೇಳಿದೆ. “ರೀ, ನಿಮಗಂತ ಫೋನು,” ಎಂದು ಕೂಗಿದ ಕಾಕುವಿನ ದನಿಯಲ್ಲಿ ಆಶ್ಚರ್ಯವಿತ್ತು. ಮತ್ತೆ ಕೆಮ್ಮಿ ಆಜ್ಞೆ ಕೊಟ್ಟೆ: ಶನಿವಾರ ಹನ್ನೊಂದಕ್ಕೆ ಹೌನ್ಸ್ಲೋ, ಬಸ್ ನಿಲ್ದಾಣದ ಎದುರಿನ ಕೆಫೆ. ಕೆಂಪು ಮಫ್ಲರ್ ಹಾಕಿದವನೊಬ್ಬ ಬರುತ್ತಾನೆ, ಗಮನವಿಡು. ಆ ಕಡೆಯಿಂದ ಬಂದದ್ದು ಒಂದೇ ಮಾತು: “ಆತ್ರಿ ಸಾಹೇಬ್ರ.”

ಶನಿವಾರದ ಅರ್ಧ ಪಾಳಿ ಮುಗಿಸಿ ನಾನೇ ಕೆಂಪು ಮಫ್ಲರ್ ಸುತ್ತಿಕೊಂಡು ಹೋಗಿ, ನಗಿಸಿ ಕರೆತರುವುದು ಯೋಜನೆ. ಆದರೆ ಶನಿವಾರ ಮೊಟ್ಟೆಯ ಯಂತ್ರ ಕೆಟ್ಟಿತು. ಸೂಪರ್‌ವೈಸರ್ ಯಾರನ್ನೂ ಬಿಡಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಮನೆಗೆ ಫೋನು ಮಾಡಿದರೆ, ಮಾತ್ರೆಯನ್ನೂ ಒಯ್ಯದೆ ಕಾಕಾ ಒಂಬತ್ತಕ್ಕೇ ಹೋದರೆಂದು ಕಾಕು ಅಳುತ್ತಿದ್ದರು. ಆಗ ನನ್ನ ಗಂಟಲಲ್ಲಿ ಯಾರ ದನಿಯೂ ಬರಲಿಲ್ಲ, ನನ್ನದೂ ಕೂಡ.

ಮೂರು ಗಂಟೆಗೆ ಹೌನ್ಸ್ಲೋದಲ್ಲಿ ಇಳಿದರೆ ಎಲ್ಲಿ ನೋಡಿದರೂ ಕೆಂಪು ಮಫ್ಲರ್! ಅಂದು ಯಾವುದೋ ಫುಟ್‌ಬಾಲ್ ಪಂದ್ಯವಂತೆ. ನನ್ನದನ್ನೂ ಸುತ್ತಿಕೊಂಡು ಓಡಿದೆ.

ಕಾಕಾ ಕೆಫೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಗಡ್ಡ ಹೆರೆದಿತ್ತು, ಕೋಟು ಇಸ್ತ್ರಿಯಾಗಿತ್ತು. ಕಪ್ಪಿನಲ್ಲಿ ಒಂದು ಗುಟುಕು ಚಹಾ ತಣ್ಣಗಾಗಿತ್ತು. ನಾನು ಎದುರು ಕುಸಿದೆ. ಅವರು ಆಸ್ಪತ್ರೆಯ ಲಕೋಟೆಯ ಹಿಂದೆ ಒಂದು ಸಾಲು ಬರೆದು ನನ್ನತ್ತ ತಿರುಗಿಸಿದರು. ಮೂವತ್ತೊಂದು ಕೆಂಪು ಮಫ್ಲರುಗಳ ಚಹರೆ, ಬಂದ ವೇಳೆ, ಹೋದ ದಿಕ್ಕು. ಕೊನೆಗೆ: ‘ಸಂಖ್ಯೆ ಮೂವತ್ತೆರಡು. ನಾಲ್ಕು ತಾಸು ತಡ. ಏದುಸಿರು. ಮೊಟ್ಟೆಯ ವಾಸನೆ.’

ಫೋನು ಮಾಡಿದ್ದು ನಾನೇ ಎಂದು ಒಪ್ಪಿಕೊಂಡೆ.

“ಗೊತ್ತದ,” ಎಂದರು. “ನಮ್ಮ ಸಾಹೇಬ್ರು ಜನ್ಮದಾಗ ಕೆಮ್ಮಿದಾವ್ರಲ್ಲ. ಕತಿ ರಂಗೇರಲಿ ಅಂತ ಕೆಮ್ಮು ನಾ ಸೇರಿಸಿದ್ದು.”

“ಮತ್ತ ಯಾಕ ಬಂದ್ರಿ ಕಾಕಾ? ಈ ಚಳಿಯೊಳಗ, ಗುಳಿಗಿ ಬಿಟ್ಟು?”

ಕಾಕಾ ಕಪ್ಪೆತ್ತಿ ಆ ತಣ್ಣನೆಯ ಕೊನೆಯ ಗುಟುಕನ್ನು ಕುಡಿದರು. ಖಾಲಿ ಕಪ್ಪನ್ನು ಬೋರಲು ಇಟ್ಟರು.

“ಆ ಮನಿಯೊಳಗ ಫೋನು ಬಂದ್ರ ನಿಮ್ಮ ಕಾಕೂಗ, ಇಲ್ಲಾ ನಿಮ್ಮ ಡಾಕ್ಟರ್ ಅಕ್ಕಗ. ವರ್ಷದಾಗ ನನ್ನ ಹೆಸರು ಹೇಳಿ ಕೇಳಿದ್ದು ಅದೊಂದ ಫೋನು. ಹೆಂಗ ಬರಂಗಿಲ್ಲ ಅನ್ನಲಿ ತಮ್ಮಾ?”